ಆಜೀವ ಚಿನ್ನದ ಕಾರ್ಡೂ ಜಾವಾದ ನಾಟಿ ಕೋಳಿಯೂ

ಮಳವಳ್ಳಿ

ನಮ್ಮ ಭಾವ ಚಿಕ್ಕಸ್ವಾಮಿಯವರು ಜಾವಾ ದ್ವೀಪಕ್ಕೆ ಹೊರಟದ್ದು ಜಾವಾ ನೋಡಲಿಕ್ಕಲ್ಲ. ಅಲ್ಲಿಗೆ ಹೋಗಲಿಕ್ಕೆ, ಮತ್ತು ಅಲ್ಲಿಂದ ವಾಪಸ್ ಬರಲಿಕ್ಕೆ. ನಡುವೆ ಜಾವಾ ಇದ್ದದ್ದು ಅವರ ಮಟ್ಟಿಗೆ ಒಂದು ಅನಿವಾರ್ಯ ಅಡಚಣೆ.

ಭಾವ ದುಡಿದದ್ದು ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಒದಗಿಸುವ ಕಂಪನಿಯೊಂದರಲ್ಲಿ. ಕಬ್ಬು ಅರೆಯುವ ಆನೆಗಾತ್ರದ ರೋಲರುಗಳನ್ನು ಕೂರಿಸಿ, ಓಡಿಸಿ, ರಸ ಬಂತೆಂದು ತೋರಿಸಿ ಬರುವುದು ಕೆಲಸ. ಪೂರಿಗಾಲಿಯ ಗದ್ದೆ ಬಯಲಲ್ಲಿ ಹುಟ್ಟಿದ ಮನುಷ್ಯ ಈ ನೆಪದಲ್ಲಿ ಉಗಾಂಡ, ಫಿಲಿಪೈನ್ಸ್, ಜಾವಾ ಎಂದು ಸುತ್ತಿದರು. ಸುತ್ತಿದ್ದೆಲ್ಲ ಸಾಧ್ಯವಾದ ಮಟ್ಟಿಗೆ ಒಂದೇ ವಿಮಾನ ಸಂಸ್ಥೆಯಲ್ಲಿ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ; ನಮ್ಮ ಅಕ್ಕನ ಸಂಸಾರದಲ್ಲಿ ಅದಕ್ಕೆ ಈಗಾಗಲೇ ಬೇಕಾದಷ್ಟು ಜಾಗ ಸಿಕ್ಕಿದೆ.

ಆ ಸಂಸ್ಥೆ ಭಾವನನ್ನು 'ಚಿನ್ನದ ಸದಸ್ಯ' ಎಂದು ಕರೆಯುತ್ತಿತ್ತು. ಈ ಚಿನ್ನ ವರ್ಷ ವರ್ಷವೂ ಕರಗುವ ಜಾತಿಯದು. ಆ ವರ್ಷಕ್ಕೆ ಬೇಕಾದಷ್ಟು ಹಾರಿದರೆ ಉಂಟು, ಇಲ್ಲದಿದ್ದರೆ ಬೆಳ್ಳಿ, ಆಮೇಲೆ ಮಣ್ಣು. ಆದರೆ ಜೀವಮಾನದಲ್ಲಿ ಒಂದು ದೊಡ್ಡ ಮೊತ್ತ ದಾಟಿದವನಿಗೆ 'ಆಜೀವ ಚಿನ್ನ' ಎಂಬ ಕಾರ್ಡು ಕೊಡುತ್ತಾರೆ. ಆಮೇಲೆ ಹಾರಲಿ, ಹಾರದೆ ಹಟ್ಟಿಯಲ್ಲಿ ಎಮ್ಮೆ ಮೇಯಿಸಿಕೊಂಡಿರಲಿ, ಸಾಯುವ ತನಕ ಆತ ಚಿನ್ನವೇ. ಭಾವ ನಿವೃತ್ತರಾದಾಗ ಆ ಮೊತ್ತಕ್ಕೆ ಸ್ವಲ್ಪವೇ ಕಡಿಮೆ ಬಿದ್ದಿತ್ತು. ಹೋಗುವಾಗ ಎರಡು ಹಾರಾಟ, ಬರುವಾಗ ಎರಡು ಹಾರಾಟ ಇರುವ ಒಂದು ಪ್ರಯಾಣ ಮಾಡಿದರೆ ತುಂಬುತ್ತಿತ್ತು. ಅಷ್ಟರಲ್ಲಿ ಸಂಸ್ಥೆ ತಿಳಿಸಿತು: ಈ ಆಜೀವ ಯೋಜನೆಯ ಬಾಗಿಲನ್ನು ತಿಂಗಳ ಕೊನೆಗೆ ಮುಚ್ಚುತ್ತೇವೆ. ಒಳಗೆ ಬಂದವರು ಬಂದರು, ಉಳಿದವರು ಉಳಿದರು.

ಇದರಿಂದ ಅಕ್ಕನಿಗೇನು ಎಂದು ಕೇಳಬಹುದು. ಮದುವೆಯಾದಂದಿನಿಂದ ಅಕ್ಕ ಒಮ್ಮೆಯಾದರೂ ನನ್ನನ್ನೂ ಕರೆದುಕೊಂಡು ಹೋಗಿ ಎನ್ನುತ್ತಿದ್ದಳು. ಭಾವ ಪ್ರತಿ ಸಲವೂ, "ಲೈಫ್‌ಟೈಮ್ ಒಂದ್ ಆಗ್ಲಿ ಇರು. ಆಮೇಲೆ ರಾಣಿ ತರ ಕರ್ಕೊಂಡ್ ಓಯ್ತೀನಿ" ಎನ್ನುತ್ತಿದ್ದರು. ಭಾವನ ಲೈಫ್‌ಟೈಮ್ ಆಗುವಷ್ಟರಲ್ಲಿ ಅಕ್ಕನ ಲೈಫ್‌ಟೈಮ್ ಮುಕ್ಕಾಲು ಮುಗಿದಿತ್ತು.

ಭಾವನ ಯೋಜನೆ ಸರಳವಾಗಿತ್ತು. ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಜಾವಾದ ಸುರಬಾಯ. ಸುರಬಾಯದ ವಿಮಾನ ನಿಲ್ದಾಣದಲ್ಲೇ ಕೂತು ಒಂದು ಕಾಫಿ ಕುಡಿಯುವುದು. ಬಂದ ದಾರಿಯಲ್ಲೇ ವಾಪಸ್. ಹೀಗೆ ಊರು ನೋಡದೆ ಲೆಕ್ಕಕ್ಕಾಗಿ ಹಾರುವವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರಂತೆ. ಅವರದೇ ಒಂದು ಸಂಘವೂ ಇರಬಹುದು.

ಮಳವಳ್ಳಿಯ ಮನೆಯ ಪಡಸಾಲೆಯಲ್ಲಿ ಇದನ್ನು ವಿವರಿಸಿದಾಗ ಅಕ್ಕ ನನ್ನ ಕಡೆ ತಿರುಗಿದಳು. ಕೇಳಿಸಬೇಕಾದದ್ದು ಭಾವನಿಗೆ.

"ಮಳವಳ್ಳಿಯಿಂದ ಮದ್ದೂರ್ಗೆ ಬಸ್ಸಲ್ಲಿ ಓಗಿ, ಕೆಳಗೇ ಇಳೀದಂಗೆ ಅದೇ ಬಸ್ಸಲ್ಲಿ ವಾಪಸ್ ಬಂದೋನ್ನ ಜನ ಏನಂತಾರ್ಲಾ?"

"ಅದು ಬಸ್ಸು ಕಣಮ್ಮಿ, ಇದು ಏರೋಪ್ಲೇನು," ಎಂದರು ಭಾವ.

"ಇಳೀದೆ ಬಂದ್ರೆ ಎರಡೂ ಒಂದೇಯ."

ಕೊನೆಗೆ ಅಕ್ಕ ಮೂರು ಷರತ್ತು ಹಾಕಿದಳು. ತಾನೂ ಬರುವುದು. ಗೌರಿ ಹಬ್ಬದ ಬಾಗಿನ ಕೊಟ್ಟ ಮೇಲೆಯೇ ಹೊಸಿಲು ದಾಟುವುದು. ಜೊತೆಗೆ ನಾನೂ ಬರುವುದು. "ಇವ್ರು ಏರ್‌ಪೋರ್ಟಿಂದ ಆಚೆ ಕಾಲಿಡೋರಲ್ಲ. ನಂಗೆ ಊರು ತೋರ್ಸೋಕೆ ಒಬ್ಬ ಬೇಕು." ನಾನು ಮಂಡ್ಯದ ಪತ್ರಿಕೆಯೊಂದರಲ್ಲಿ ಬಹುಕಾಲ ವರದಿಗಾರನಾಗಿದ್ದವನು. ಕಂಡದ್ದನ್ನು ಬರೆ, ಊಹಿಸಿದ್ದನ್ನು ಬಿಡು ಎಂಬ ಶಿಸ್ತಿನಲ್ಲಿ ಪಳಗಿದವನು. ಗಂಡ ಹೆಂಡಿರ ಜೊತೆ ಪ್ರವಾಸ ಹೋಗುವವನಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಬೇಕಿಲ್ಲ.

ಗೌರಿ ಹಬ್ಬ ಕಾದದ್ದರಿಂದ ನಮ್ಮ ವಾಪಸ್ ಹಾರಾಟ ಸರಿಯಾಗಿ ತಿಂಗಳ ಕೊನೆಯ ದಿನಕ್ಕೆ ಬಂದು ನಿಂತಿತು. ಅಂದು ತಪ್ಪಿದರೆ ಎಲ್ಲ ತಪ್ಪಿದಂತೆ. ಇಳಿದು ನೋಡಲೇಬೇಕೆಂದು ಅಕ್ಕ ಹಟ ಹಿಡಿದಳಾದ್ದರಿಂದ ಭಾವ ಎರಡು ರಾತ್ರಿ ತಂಗಲು ಒಪ್ಪಿದರು. ತಂಗುವುದು ಎಲ್ಲಿ ಎಂಬುದಕ್ಕೂ ಅವರಲ್ಲಿ ಉತ್ತರವಿತ್ತು. ಸುರಬಾಯದಿಂದ ಎರಡು ಗಂಟೆ ದೂರದ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಹಳೆಯ ಫೋರ್‌ಮನ್ ಒಬ್ಬರಿದ್ದಾರೆ, ಪಾಕ್ ಹಾರ್ಯೊನೊ ಎಂದು. ಪಾಕ್ ಎಂದರೆ ನಮ್ಮಲ್ಲಿ ಯಜಮಾನರು ಎಂದಂತೆ.

"ಒಂದು ಸೀಜನ್ ಪೂರ್ತಿ ಅವ್ರ ಮನೇಲೇ ಉಂಡಿವ್ನಿ. ನನ್ನ ಅಣ್ಣನಿದ್ದಂಗೆ," ಎಂದರು ಭಾವ.

ಅಣ್ಣನ ಮನೆಗೆ ಬರಿಗೈಲಿ ಹೋಗುವುದುಂಟೇ? ಅಕ್ಕ ಆಲೆಮನೆಗೆ ಹೇಳಿ ಕಳಿಸಿ ಬೆಲ್ಲದ ದೊಡ್ಡ ಅಚ್ಚುಗಳನ್ನು ತರಿಸಿದಳು.

ದೇವನಹಳ್ಳಿ

ಆ ಅಚ್ಚುಗಳನ್ನು ಅಕ್ಕ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಪೆಟ್ಟಿಗೆಯನ್ನು ಎಸೆದಾಡುತ್ತಾರೆ, ಬೆಲ್ಲ ಪುಡಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ತಪಾಸಣೆಯ ಯಂತ್ರದ ಪರದೆಯ ಮೇಲೆ ಅವು ಏನಾಗಿ ಕಂಡವೋ, ಸಮವಸ್ತ್ರದ ಹೆಣ್ಣುಮಗಳೊಬ್ಬಳು ಚೀಲವನ್ನು ಪಕ್ಕಕ್ಕೆ ಎಳೆದಳು.

"ಯೇ ಕ್ಯಾ ಹೈ ಆಂಟಿ?"

"ಬೆಲ್ಲ ಕಣಮ್ಮ."

ಆಕೆಗೆ ತಿಳಿಯಲಿಲ್ಲ. ಹಿರಿಯನೊಬ್ಬನನ್ನು ಕರೆದಳು. ಆತ ಇಟ್ಟಿಗೆ ಪರೀಕ್ಷಿಸುವ ಮೇಸ್ತ್ರಿಯಂತೆ ತಟ್ಟಿ ನೋಡಿದ. ಅಕ್ಕ ಮೂಲೆಯ ಒಂದು ಚೂರನ್ನು ಮುರಿದು ಆತನ ಕೈಗೆ ಕೊಟ್ಟಳು. ತಿನ್ನುವ ನಿಯಮ ಇತ್ತೋ ಇಲ್ಲವೋ, ಆತ ಸುತ್ತಮುತ್ತ ನೋಡಿ ಬಾಯಿಗೆ ಹಾಕಿಕೊಂಡ. ಚೀಲ ಮುಂದೆ ಹೋಯಿತು.

ಮುಂದೆ ಲೌಂಜು. ಚಿನ್ನದ ಸದಸ್ಯರು ವಿಮಾನ ಹೊರಡುವ ತನಕ ಕೂತು ತಿನ್ನುವ ಜಾಗ. ಭಾವ ಜೇಬಿನಿಂದ ಕಾರ್ಡು ತೆಗೆದ ರೀತಿ ನೋಡಬೇಕಿತ್ತು. ದೇವರ ಮನೆಯಿಂದ ಸಾಲಿಗ್ರಾಮ ತೆಗೆದಂತೆ. ಚಿನ್ನದ ಸದಸ್ಯನ ಜೊತೆ ಒಬ್ಬ ಅತಿಥಿಗೆ ಮಾತ್ರ ಪ್ರವೇಶ. ಭಾವ ಅಕ್ಕನನ್ನು ಕರೆದುಕೊಂಡು ಒಳನಡೆದರು. ನಾನು ಹೊರಗೆ ಉಳಿದೆ.

ನನ್ನ ಹಿಂದೆ ನಿಂತಿದ್ದ ಯುವಕನೊಬ್ಬ ನಮ್ಮ ಮಾತು ಕೇಳಿಸಿಕೊಂಡಿದ್ದ. "ಯಾವೂರ್ ಸಾರ್ ನೀವು? ಮಂಡ್ಯ ಕಡೆನಾ? ನಾನು ಗೆಜ್ಜಲಗೆರೆ." ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ತರಬೇತಿಗೆ ವಿಯೆಟ್ನಾಮಿಗೆ ಹೊರಟಿದ್ದಾನೆ, ಮೊದಲ ವಿಮಾನ. "ಯಾಕ್ ಸಾರ್ ಆಚೆ ನಿಂತಿದ್ದೀರಾ? ಸಂಬಳದ ಅಕೌಂಟಿಗೆ ಬ್ಯಾಂಕಿನವ್ರು ಕೊಟ್ಟಿರೋ ಕಾರ್ಡ್ ತೋರ್ಸಿ, ಬುಡ್ತಾರೆ."

ನಾನು ನನ್ನ ಪಿಂಚಣಿ ಖಾತೆಯ ಕಾರ್ಡನ್ನು ತೋರಿಸಿದೆ. ಬಿಟ್ಟರು. ಗೆಜ್ಜಲಗೆರೆಯವನೂ ತನ್ನದನ್ನು ತೋರಿಸಿದ. ಅವನನ್ನೂ ಬಿಟ್ಟರು. ಭಾವ ಆಗಿನ್ನೂ ತಟ್ಟೆ ತೆಗೆದುಕೊಳ್ಳುತ್ತಿದ್ದರು. ನಾವಿಬ್ಬರೂ ಬಂದು ಎದುರಿಗೆ ಕೂತಾಗ ಅವರ ಮುಖ ನೋಡುವ ಹಾಗಿತ್ತು.

"ಅದು ಬೇರೆ, ಇದು ಬೇರೆ," ಎಂದರು ಕೊನೆಗೆ. "ನಿಮ್ದು ಬ್ಯಾಂಕಿನವ್ರ ದಯ. ನಂದು ದುಡಿದು ಸಂಪಾದಿಸಿದ್ದು."

ಅಕ್ಕ ನಮ್ಮ ಮೂವರ ತಟ್ಟೆಗಳನ್ನೂ ಒಂದೊಂದಾಗಿ ನೋಡಿದಳು. "ಇಡ್ಲಿ ಮಾತ್ರ ಒಂದೇ ಪಾತ್ರೇಲಿ ಬೆಂದಂಗೈತೆ," ಎಂದಳು.

ಕೌಲಾಲಂಪುರ

ಇಲ್ಲಿ ನನ್ನ ಬ್ಯಾಂಕಿನ ದಯೆ ನಡೆಯಲಿಲ್ಲ. ಭಾವ ಅಕ್ಕನನ್ನು ಕರೆದುಕೊಂಡು ಒಳಗೆ ಹೋದರು; ನಾನು ಕುರ್ಚಿಗಳ ಸಾಲಿನಲ್ಲಿ ಕೂತು ಜನರನ್ನು ನೋಡತೊಡಗಿದೆ. ಈ ಊರಿನವರು ಸಾಲು ನಿಲ್ಲುವುದರಲ್ಲಿ ಎಷ್ಟು ಒಳ್ಳೆಯವರೆಂದರೆ, ಸಾಲು ಯಾತಕ್ಕೆ ಎಂದು ತಿಳಿಯದಿದ್ದರೂ ಮೊದಲು ನಿಲ್ಲುತ್ತಾರೆ, ಆಮೇಲೆ ವಿಚಾರಿಸುತ್ತಾರೆ. ಮದ್ದೂರು ಬಸ್ ನಿಲ್ದಾಣದಲ್ಲಿ ನಾವು ವಿಚಾರಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕಿಟಕಿಯಿಂದ ಟವಲ್ ಹಾಕುತ್ತೇವೆ. ಸೀಟು ನಮ್ಮದಾಗುತ್ತದೆ.

ಸ್ವಲ್ಪ ಹೊತ್ತಿಗೇ ಅಕ್ಕ ಹೊರಗೆ ಬಂದು ನನ್ನ ಪಕ್ಕ ಕೂತಳು. ಸೆರಗಿನ ಮರೆಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ಕೇಕಿನ ತುಂಡು ನನಗಾಗಿ ತಂದಿದ್ದಳು.

"ಯಾಕಕ್ಕ ಬಂದ್ಬಿಟ್ಟೆ?"

"ಒಳಗೆ ಎಲ್ರೂ ಡಾಕ್ಟ್ರ ತಾವ ಟೋಕನ್ ತಗಂಡು ಕೂತಂಗೆ ಕೂತವ್ರೆ ಕಣ್ಲಾ. ಒಬ್ರಾದ್ರೂ ಯಾವೂರು ಅಂತ ಕೇಳ್ಬೇಕೋ ಬ್ಯಾಡ್ವೋ? ಇಂಥ ಕಡೆ ಕೂರೋಕೆ ನನ್ನ ಇಷ್ಟು ವರ್ಸ ಕಾಯಿಸಿದ್ರಾ?"

ಭಾವ ಕೂಡ ಹಿಂದೆಯೇ ಬಂದರು, ಹೆಂಡತಿ ಕಾಣದೆ ಗಾಬರಿಯಾಗಿ. ನಾನು ಸಮಯ ಕಳೆಯಲು ಆಜೀವ ಯೋಜನೆಯ ನಿಯಮಾವಳಿಯನ್ನು ಅವರ ಮೊಬೈಲಿನಲ್ಲಿ ಓದುತ್ತಿದ್ದೆ. ಪತ್ರಿಕೆಯವರಿಗೆ ಸಣ್ಣ ಅಕ್ಷರ ಕಂಡರೆ ಬಿಡಲಾಗುವುದಿಲ್ಲ. ಕೊನೆಯಲ್ಲಿ ಒಂದು ವಾಕ್ಯವಿತ್ತು: ಸಂಸ್ಥೆ ಈ ಯೋಜನೆಯನ್ನು ನಡೆಸುವಷ್ಟು ಕಾಲ ಮಾತ್ರ ಈ ಸವಲತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಅಕ್ಕ ಯೋಚನೆ ಮಾಡಿದಳು. "ಅಂಗಾದ್ರೆ ಲೈಫ್‌ಟೈಮು ಅಂದ್ರೆ ಯಾರ್ ಲೈಫ್‌ಟೈಮು? ಇವ್ರದ್ದಾ, ಅವ್ರದ್ದಾ?"

"ಲೇ ಬಾಮೈದ," ಎಂದರು ಭಾವ, ಮೊಬೈಲ್ ಕಿತ್ತುಕೊಂಡು, "ನಿನ್ನ ಪೇಪರ್ ಬುದ್ಧಿ ಮಂಡ್ಯದಲ್ಲೇ ಬುಟ್ಟು ಬರ್ಬೇಕಾಗಿತ್ತು."

ಸುರಬಾಯದಿಂದ ಒಳಗೆ

ಪಾಕ್ ಹಾರ್ಯೊನೊ ತಮ್ಮ ನೆಂಟನೊಬ್ಬನ ಕಾರು ತಂದು ಕಾದಿದ್ದರು. ಸಣಕಲು ದೇಹ, ಹೂವಿನ ಚಿತ್ತಾರದ ಅಂಗಿ, ಬಟ್ಟೆಯಿಂದ ಲವಂಗದ ಸಿಗರೇಟಿನ ವಾಸನೆ. ಭಾವನನ್ನು ನೋಡಿ ನಕ್ಕರು, ತಬ್ಬಲಿಲ್ಲ. ಎರಡೂ ಕೈಯಲ್ಲಿ ಅವರ ಕೈ ಹಿಡಿದು, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಭಾವ ಅವರನ್ನು "ಪಾಕಣ್ಣ" ಎನ್ನುತ್ತಿದ್ದರು. ಇಬ್ಬರ ನಡುವೆ ಓಡುತ್ತಿದ್ದದ್ದು ಕಾರ್ಖಾನೆಯ ಭಾಷೆ: ಸ್ವಲ್ಪ ಇಂಗ್ಲಿಷು, ಸ್ವಲ್ಪ ಅವರದು, ಉಳಿದದ್ದು ಕೈಸನ್ನೆ. ಗೇರು, ಬೇರಿಂಗು, ಗ್ರೀಸು ಎಂಬ ಪದಗಳು ಬಂದಾಗ ಇಬ್ಬರೂ ಬಹಳ ಭಾವುಕರಾಗುತ್ತಿದ್ದರು.

ಊರು ದಾಟಿದ ಮೇಲೆ ದಾರಿಯ ಎರಡೂ ಬದಿ ಕಬ್ಬಿನ ಗದ್ದೆ. ನಡುವೆ ಭತ್ತ. ಕಾಲುವೆ. ಕಾಲುವೆಯಲ್ಲಿ ಬಟ್ಟೆ ಒಗೆಯುವವರು. ಗರಿ ನೇತಾಡುವಷ್ಟು ಕಬ್ಬು ತುಂಬಿದ ಲಾರಿಗಳು ಅರ್ಧ ರಸ್ತೆಯನ್ನು ತಮ್ಮದೆಂದುಕೊಂಡು ಹೋಗುತ್ತಿದ್ದವು. ಬೈಕಿನವನೊಬ್ಬ ಓಡುತ್ತಲೇ ಕೈ ಚಾಚಿ ಒಂದು ಜಲ್ಲೆ ಎಳೆದುಕೊಂಡ. ದೂರದಲ್ಲಿ ಕಾರ್ಖಾನೆಯ ಹಳೇ ಚಿಮಣಿ, ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ.

ಅಕ್ಕ ಕಿಟಕಿಗೆ ಮುಖ ಒತ್ತಿ ನೋಡಿದಳು. ಆಮೇಲೆ, "ಮಂಡ್ಯ ನೋಡೋಕೆ ಇಷ್ಟ್ ದೂರ ಬರ್ಬೇಕಾಗಿತ್ತಾ?" ಎಂದಳು.

ಈ ಜನಕ್ಕೆ 'ಇಲ್ಲ' ಎನ್ನುವುದು ಇಷ್ಟವಿಲ್ಲ. ಅದರ ಬದಲು 'ಬೆಲುಮ್' ಎನ್ನುತ್ತಾರೆ, ಎಂದರೆ 'ಇನ್ನೂ ಇಲ್ಲ'. ಎಪ್ಪತ್ತು ದಾಟಿದ ಬ್ರಹ್ಮಚಾರಿಯನ್ನು ಮದುವೆಯಾಯಿತೇ ಎಂದು ಕೇಳಿದರೂ ಬೆಲುಮ್ ಎನ್ನುತ್ತಾನೆ. ಯಾವುದನ್ನೂ ಮುಗಿಯಿತೆಂದು ಹೇಳಿ ಎದುರಿನವರ ಮನಸ್ಸು ನೋಯಿಸಬಾರದಂತೆ. ನಮ್ಮ ಮಂಡ್ಯದಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಇಲ್ಲ ಎಂದು, ಯಾವ ಪ್ರಶ್ನೆ ಎಂದು ಆಮೇಲೆ ಯೋಚಿಸುವವರ ನಡುವೆ ಬೆಳೆದ ನನಗೆ ಇದು ಹೊಸ ಲೋಕ. ಪಾಕ್ ಭಾವನನ್ನು ಆ ಕಾರ್ಡಿನ ಬಗ್ಗೆ ಕೇಳಿದರು. ಹಿಂದೆ ಇಲ್ಲಿ ಕೆಲಸಕ್ಕಿದ್ದಾಗಲೂ ಭಾವ ಅದೇ ಮಾತಾಡುತ್ತಿದ್ದರಂತೆ. ಭಾವ ನಾಚಿಕೊಂಡು, "ಬೆಲುಮ್" ಎಂದರು.

ಮನೆಯಲ್ಲಿ ಪಾಕ್ ಅವರ ಹೆಂಡತಿ ಬು ಸ್ರಿ ಅಕ್ಕನನ್ನು ನೇರ ಅಡಿಗೆಮನೆಗೆ ಕರೆದೊಯ್ದರು. ಅಕ್ಕ ಬೆಲ್ಲದ ಅಚ್ಚು ಇಟ್ಟಳು. ಬು ಸ್ರಿ ತಮ್ಮ ತೆಂಗಿನ ಬೆಲ್ಲ ತಂದಿಟ್ಟರು. ಕರಟದಲ್ಲಿ ಎರಕ ಹೊಯ್ದ, ಕಪ್ಪು ಬಣ್ಣದ ಅರೆಗೋಳ. ಇಬ್ಬರೂ ಇಬ್ಬರದನ್ನೂ ಚಪ್ಪರಿಸಿದರು. ಇಬ್ಬರೂ ಬಹಳ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಇಬ್ಬರ ಮುಖದಲ್ಲೂ ನಮ್ಮದರ ಮುಂದೆ ಇದು ಏನೂ ಅಲ್ಲ ಎಂದು ಬರೆದಿತ್ತು. ಅಷ್ಟಾದ ಮೇಲೆ ಅವರು ಹಳೇ ಗೆಳತಿಯರಾದರು. ಮರುದಿನ ಇಡೀ ಮಧ್ಯಾಹ್ನ, ಒಬ್ಬರ ಭಾಷೆಯ ಒಂದು ಪದ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಅಡಿಗೆಮನೆಯಿಂದ ಮಾತೂ ನಗುವೂ ಕೇಳುತ್ತಲೇ ಇತ್ತು.

"ಏನಕ್ಕ ಅಷ್ಟೊಂದು ಮಾತು?" ಎಂದೆ.

"ಗಂಡಂದಿರ ವಿಷ್ಯ," ಎಂದಳು. "ಅದಕ್ಯಾಕ್ಲಾ ಭಾಷೆ?"

ಚಾಪೆ

ಹೊರಡುವ ದಿನ. ಸಂಜೆ ವಿಮಾನ. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಬೇಕಾದಷ್ಟು ಸಮಯ. ಭಾವ ಬೆಳಿಗ್ಗೆಯಿಂದಲೇ ಬೂಟು ಹಾಕಿಕೊಂಡು ತಿರುಗುತ್ತಿದ್ದರು; ಊಟಕ್ಕೆಂದು ಒಲ್ಲದ ಮನಸ್ಸಿನಿಂದ ಬಿಚ್ಚಿದರು.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ನೆರೆಯ ಇಬ್ಬರು ಹಿರಿಯರೂ ಬಂದಿದ್ದರು. ಅಲ್ಲಿಯ ತನಕ ಅಡಿಗೆಮನೆಯಲ್ಲೇ ಉಂಡಿದ್ದ ಹೆಂಗಸರೂ ಸೇರಿ ಎಲ್ಲರೂ ಕೂತರು, ಬು ಸ್ರಿಯೂ ಕೂತರು. ಅಕ್ಕನನ್ನು ಭಾವನ ಪಕ್ಕದಲ್ಲೇ ಕೂರಿಸಿದರು. ಬಡಿಸಲು ಸೊಸೆಯಂದಿರಿದ್ದರು. ಅನ್ನದ ಗುಡ್ಡ, ಬಾಳೆಲೆಯ ಮೇಲೆ ಹಲಬಗೆ ಸೊಪ್ಪು, ಸೋಯಾ ಕಾಳನ್ನು ಹುದುಗಿಸಿ ಕರಿದ ತುಂಡುಗಳು, ಕಣ್ಣಲ್ಲಿ ನೀರು ತರಿಸುವ ಮೆಣಸಿನ ಚಟ್ನಿ. ನಡುವೆ 'ಅಯಾಮ್ ಕಂಪುಂಗ್'. ಭಾವ ಅದನ್ನು ಒಂದೇ ಮಾತಲ್ಲಿ ಕನ್ನಡಕ್ಕೆ ತಂದರು: "ನಾಟಿ ಕೋಳಿ." ಮುದ್ದೆಯೊಂದು ಇದ್ದಿದ್ದರೆ ಬೀಗರೂಟವೇ.

ಬೀಗರೂಟ ಉಂಡವರಿಗೆ ಗೊತ್ತು, ನಮ್ಮ ಕಡೆ ಪಂಕ್ತಿಯಲ್ಲಿ ಕೂತವನು ತನ್ನ ಹೊಟ್ಟೆ ತುಂಬಿತೆಂದು ಎದ್ದು ಹೋಗುವಂತಿಲ್ಲ. ಪಂಕ್ತಿಯ ಹಿರಿಯ ಏಳಬೇಕು, ಆಗ ಎಲ್ಲರೂ ಏಳಬೇಕು. ನಡುವೆ ಎದ್ದವನ ವಿಷಯವನ್ನು ಅವನ ಮಕ್ಕಳ ಮದುವೆಯ ಹೊತ್ತಿಗೂ ಜನ ನೆನಪಿಟ್ಟಿರುತ್ತಾರೆ. ಇಲ್ಲಿ ಹಿರಿಯರು ಪಾಕ್ ಹಾರ್ಯೊನೊ. ಅವರು ಏಳಲಿ ಎಂದು ನಾವು ಕಾದೆವು.

ಪಾಕ್ ಏಳಲಿಲ್ಲ. ನಮ್ಮ ತಟ್ಟೆ ಬರಿದಾದ ಕೂಡಲೇ ಸೊಸೆ ಅನ್ನ ಹಾಕುತ್ತಿದ್ದಳು. ಹಾಕಿದ್ದನ್ನು ಬಿಡುವುದು ತಪ್ಪೆಂದು ನಾವು ಉಣ್ಣುತ್ತಿದ್ದೆವು. ನಾವು ಉಣ್ಣುತ್ತಿದ್ದೇವೆಂದು ಪಾಕ್ ಕೂಡ ಒಂದು ಎಸಳು ಸೊಪ್ಪು, ನಾಲ್ಕು ಅಗುಳು ಅನ್ನ ಬಾಯಿಗೆ ಹಾಕುತ್ತಿದ್ದರು. ನೆರೆಯ ಹಿರಿಯರೂ ಹಾಗೆಯೇ. ಆ ಮನೆಯ ಪದ್ಧತಿ ನನಗೆ ನಿಧಾನವಾಗಿ ಹೊಳೆಯಿತು: ಅತಿಥಿ ಕೈ ತೆಗೆಯುವ ಮೊದಲು ಮನೆಯವರು ಕೈ ತೆಗೆಯಬಾರದು. ನಾವು ಅವರಿಗಾಗಿ ಕಾಯುತ್ತಿದ್ದೇವೆ, ಅವರು ನಮಗಾಗಿ ಕಾಯುತ್ತಿದ್ದಾರೆ. ಎರಡು ದೇಶಗಳ ಮರ್ಯಾದೆಗಳು ಎದುರುಬದುರು ಕೂತು ಒಂದು ನಾಟಿ ಕೋಳಿಯನ್ನು ಮುಗಿಸುತ್ತಿದ್ದವು.

ಭಾವ ಗಡಿಯಾರ ನೋಡಿದರು. ಅಕ್ಕನನ್ನು ನೋಡಿದರು. ತಗ್ಗಿದ ದನಿಯಲ್ಲಿ, "ಸಾಕು ಮಾಡಮ್ಮಿ, ವೊತ್ತಾಯ್ತು," ಎಂದರು.

"ಪಂಕ್ತಿ ನಡುವೆ ಏಳೋದಾ? ಪೂರಿಗಾಲಿ ಮಾನ ಕಳೀಬ್ಯಾಡಿ," ಎಂದಳು ಅಕ್ಕ. ಹೇಳುತ್ತಲೇ ಕೋಳಿಯ ತೊಡೆಯೊಂದನ್ನು ತಟ್ಟೆಗೆ ಎಳೆದುಕೊಂಡಳು.

ವರದಿಗಾರನಾಗಿ ಒಂದು ಸಂಗತಿಯನ್ನು ದಾಖಲಿಸುತ್ತೇನೆ. ನಮ್ಮಕ್ಕ ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ನೋಡಿಲ್ಲ. ಅಂದು ಅವಳು ಎಷ್ಟು ಸಲ ಹಾಕಿಸಿಕೊಂಡಳೆಂಬುದು ನನಗೆ ಲೆಕ್ಕ ತಪ್ಪಿತು. ಮೂಳೆಯನ್ನು ಚೀಪುವುದರಲ್ಲಿ ಅವಳು ತೋರಿದ ಸಾವಧಾನ ಅಕ್ಕಸಾಲಿಗರಲ್ಲಿ ಮಾತ್ರ ಕಾಣುವಂಥದು. ಎರಡು ಮೂರು ಸಲ ಬು ಸ್ರಿಯ ಕಡೆ ನೋಡಿ ನಕ್ಕಳು. ಬು ಸ್ರಿಯೂ ನಕ್ಕರು. ಇದು ಕಂಡದ್ದು, ಊಹೆಯಲ್ಲ.

ಭಾವ ಮತ್ತೆ ಗಡಿಯಾರ ನೋಡಿದರು. ಬಾಯಿ ತೆರೆದರು. ಅಕ್ಕನ ಕಡೆ ನೋಡಿ ಮುಚ್ಚಿದರು. ಆಮೇಲೆ ತಾವೂ ಒಂದು ಹಿಡಿ ಅನ್ನ ಕಲಸಿಕೊಂಡರು.

ಕೊನೆಗೆ ಈ ಗಂಟು ಬಿಡಿಸಿದ್ದು ಪಕ್ಕದ ಮಸೀದಿ. ಇಳಿಹೊತ್ತಿನ ಬಾಂಗು ಕೇಳಿಸಿತು. ಪಾಕ್ ಕ್ಷಮೆ ಕೇಳುವಂತೆ ನಕ್ಕು, ಕೈ ತೊಳೆಯಲು ಎದ್ದರು. ಅವರು ಎದ್ದದ್ದೇ ತಡ, ಭಾವ ಬೂಟಿನ ಕಡೆ ಓಡಿದರು.

ಮತ್ತೆ ಸುರಬಾಯ

ಕಾರು ಓಡಿಸಿದವನು ಪಾಕ್ ಅವರ ಆ ನೆಂಟ. ದಾರಿಯಲ್ಲಿ ಕಬ್ಬಿನ ಲಾರಿಗಳು. ಜಗತ್ತಿನ ಯಾವ ಭಾಗದಲ್ಲೂ ಕಬ್ಬಿನ ಲಾರಿಯವನಿಗೆ ಹಿಂದೆ ಹಾರನ್ ಹೊಡೆಯುವುದು ಕೇಳಿಸುವುದಿಲ್ಲ ಎಂಬುದು ಈ ಪ್ರವಾಸದಿಂದ ನನಗಾದ ಜ್ಞಾನಗಳಲ್ಲಿ ಒಂದು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸೈಡ್ ಬುಡ್ಲಾ, ನಿನ್ ಮನೆ ಕಾಯೋಗ!" ಎಂದು ಜಾವಾದ ಬಯಲಿಗೆಲ್ಲ ಕೇಳುವಂತೆ ಕೂಗಿದರು. ಲಾರಿಯವನು ಕನ್ನಡಕ್ಕೂ ಜಗ್ಗಲಿಲ್ಲ.

ನಾವು ತಲುಪಿದಾಗ ಕೌಂಟರು ಮುಚ್ಚಿತ್ತು. ವಿಮಾನ ಇನ್ನೂ ನೆಲದ ಮೇಲೇ ಇತ್ತು, ಗಾಜಿನಾಚೆ ಕಾಣುತ್ತಲೂ ಇತ್ತು. ಭಾವ ಚಿನ್ನದ ಕಾರ್ಡು ತೋರಿಸಿದರು. ಹಳೆಯ ವರ್ಷಗಳ ಕಾರ್ಡುಗಳನ್ನೂ ತೆಗೆದು, ಇಸ್ಪೀಟಿನ ಎಲೆ ಹರಡಿದಂತೆ ಮೇಜಿನ ಮೇಲೆ ಹರಡಿದರು. ಅಲ್ಲಿದ್ದ ಹುಡುಗಿ ಎರಡೂ ಕೈಯಿಂದ ಅವನ್ನು ತೆಗೆದುಕೊಂಡು ನೋಡಿ, ಎರಡೂ ಕೈಯಿಂದ ವಾಪಸ್ ಕೊಟ್ಟಳು.

"ನೀವು ಚಿನ್ನದ ಸದಸ್ಯರು, ಸರ್. ನಾಳೆ ಬೆಳಿಗ್ಗೆಯ ವಿಮಾನದಲ್ಲಿ ನಿಮಗೆ ಮುಂದಿನ ಸಾಲಿನಲ್ಲಿ ಜಾಗ ಕೊಡುತ್ತೇನೆ."

"ನಾಳೆ ಹೊಸ ತಿಂಗಳು," ಎಂದರು ಭಾವ.

"ಹೌದು ಸರ್," ಎಂದಳು ಆಕೆ, ಹೊಸ ತಿಂಗಳಿಗೆ ಶುಭಾಶಯ ಕೋರುವಂತೆ.

"ಇವತ್ತಿನದ್ದು ಅಂತ ಬರ್ಕೊಳ್ಳೋಕೆ ಆಗಲ್ವಾ?"

ಆಕೆ ಇಲ್ಲ ಎನ್ನಲಿಲ್ಲ. ಆ ಊರಿನವರು ಅನ್ನುವುದಿಲ್ಲ. ನಗುತ್ತ ತಲೆ ತಗ್ಗಿಸಿ ನಿಂತಳು. ಗಾಜಿನಾಚೆ ವಿಮಾನ ಹಿಂದಕ್ಕೆ ಸರಿಯಿತು. ಇಷ್ಟು ವರ್ಷದ ಹಾರಾಟ ಕೊನೆಯ ಎರಡು ಮೆಟ್ಟಿಲಲ್ಲಿ ನಿಂತುಹೋಯಿತು. ಭಾವ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿ ಜೇಬಿಗೆ ಹಾಕಿಕೊಂಡರು.

"ಇನ್ನೂ ಬೆಳಕೈತೆ," ಎಂದಳು ಅಕ್ಕ. "ಇಲ್ಲೆಲ್ಲೋ ಸಮುದ್ರ ಐತಂತಲ್ಲ."

ಭಾವ ಈ ಊರಿಗೆ ಎಷ್ಟೋ ಸಲ ಬಂದವರು. ಸಮುದ್ರ ಯಾವ ದಿಕ್ಕಿಗಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕಾರಿನವನನ್ನು ಕೇಳಿಕೊಂಡು ಹೋದೆವು. ದಡದಲ್ಲಿ ಗಾಳಿ ಜೋರಾಗಿತ್ತು. ಎದುರಿನ ದ್ವೀಪಕ್ಕೆ ನೀರಿನ ಮೇಲೆ ಹಾಸಿದ ಉದ್ದನೆಯ ಸೇತುವೆ, ಮೇಲೆ ಸಾಲಾಗಿ ಹೋಗುವ ಬೈಕುಗಳು. ಅಕ್ಕ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿಕಟ್ಟಿ, ಕಣಕಾಲು ಮುಳುಗುವಷ್ಟು ನೀರಿಗೆ ಇಳಿದಳು. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿ, "ಥೂ!" ಎಂದು ಉಗಿದು, ಬಿದ್ದು ಬಿದ್ದು ನಕ್ಕಳು.

"ಉಪ್ಪು ಅಂತ ಗೊತ್ತಿರ್ಲಿಲ್ವೇನಮ್ಮಿ?" ಎಂದರು ಭಾವ, ಬೂಟು ಹಾಕಿಕೊಂಡೇ ದಡದಲ್ಲಿ ನಿಂತು.

"ಕೇಳಿದ್ದೆ. ನೋಡಿರ್ಲಿಲ್ವಲ್ಲ."

ಭಾವ ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದರು.

ಮದ್ದೂರು

ಪೆಟ್ಟಿಗೆಗಳ ವಿಷಯ ಒಂದು ಮಾತು. ಚಿನ್ನದ ಸದಸ್ಯನ ಪೆಟ್ಟಿಗೆಗೆ ಬೇರೆ ಬಣ್ಣದ ಚೀಟಿ ಕಟ್ಟುತ್ತಾರೆ. ಅದು ಎಲ್ಲರಿಗಿಂತ ಮೊದಲು ಬರುತ್ತದೆ. ದೇವನಹಳ್ಳಿಯಲ್ಲಿ ಭಾವನ ಪೆಟ್ಟಿಗೆ ಮೊದಲು ಬಂತು. ನನ್ನದು ಕೊನೆಗೆ ಬಂತು. ಮೊದಲು ಬಂದ ಪೆಟ್ಟಿಗೆಯ ಮೇಲೆ ಭಾವ ಕೂತು, ನನ್ನದು ಬರುವ ತನಕ ಕಾದರು. ಈ ಬಗೆಯ ಕಾರ್ಡಿಗೆ ಜೀವಮಾನ ಸವೆಸುವುದು ಲಾಭವೇ ಎಂದು ಕೇಳುವ ಓದುಗರಿಗೆ ನನ್ನ ಬಳಿ ಇರುವ ಪುರಾವೆ ಇಷ್ಟೇ. ಒಬ್ಬನೇ ತಿರುಗುವವನಿಗೆ ಲಾಭ. ಜೊತೆಗೆ ಜನ ಇರುವವನು ಹೇಗೂ ಕಾಯಬೇಕು.

ಅಲ್ಲಿಂದ ಮೈಸೂರಿಗೆ ಹೋಗುವ ಬಸ್ಸು ನಮ್ಮನ್ನು ಮದ್ದೂರಿನಲ್ಲಿ ಇಳಿಸಿತು. ನಿಲ್ದಾಣಕ್ಕೆ ಮಳವಳ್ಳಿ ಬಸ್ಸು ಬರುತ್ತಿದ್ದಂತೆ ಜನ ನುಗ್ಗಿದರು. ಭಾವ ಹೆಗಲ ಮೇಲಿನ ಟವಲ್ ಎಳೆದು, ಬಸ್ಸು ನಿಲ್ಲುವ ಮೊದಲೇ ಜೊತೆಗೆ ಓಡಿ, ಬಾಗಿಲ ಹಿಂದಿನ ಕಿಟಕಿಯಿಂದ ಒಳಗೆ ಹಾಕಿದರು. ನಾವು ಹತ್ತಿದಾಗ ಅಲ್ಲಿ ಇನ್ನೊಬ್ಬ ಕೂತಿದ್ದ.

"ಏಳಣ್ಣ, ಟವಲ್ ಕಾಣಲ್ವಾ?"

"ಟವಲ್ ಆಕಿದ್ರೆ ಬಸ್ಸು ನಿಮ್ ತಾತಂದಾ?"

"ಬಸ್ಸು ಸರ್ಕಾರದ್ದು. ಸೀಟು ನಮ್ ಮನೆಯವ್ರದ್ದು. ಎದ್ದೇಳು."

ಆತ ಗೊಣಗಿಕೊಂಡು ಎದ್ದ. ಕಾಯಿದೆಯಲ್ಲಿ ಇಲ್ಲದಿದ್ದರೂ ಟವಲನ್ನು ಮೀರುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅಕ್ಕ ಕಿಟಕಿಯ ಪಕ್ಕ ಕೂತಳು. ಅವಳ ಸೀಟಿನ ಕಂಬಿ ಹಿಡಿದು ನಾನು ನಿಂತೆ. ಪೆಟ್ಟಿಗೆಗಳ ಕಾವಲಿಗೆ ಭಾವ ಹಿಂದಕ್ಕೆ ಹೋದರು.

ಬಸ್ಸು ಹೊರಟ ಮೇಲೆ ಬಗ್ಗಿ ಕೇಳಿದೆ. "ಅಕ್ಕ, ಆ ಮನೆಯವ್ರ ಪದ್ಧತಿ ನಿಂಗೆ ಮೊದ್ಲೇ ಗೊತ್ತಿತ್ತಾ?"

ಅಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಮುನ್ನಾ ದಿನವೇ ಬು ಸ್ರಿ ಸನ್ನೆ ಮಾಡಿ ತೋರ್ಸಿದ್ಲು. ನೀವು ಕೈ ತೆಗೆಯೋ ಗಂಟ ನಮ್ಮೆಜಮಾನ್ರು ಏಳಲ್ಲ ಅಂತ."

"ಮತ್ತೆ?"

"ಮತ್ತೇನ್ ಮತ್ತೆ? ಆ ಕಾರ್ಡು ಬಂದಿದ್ರೆ ನಾನು ಸಾಯೋ ಗಂಟ ಏರ್‌ಪೋರ್ಟ್ ಒಳಗೇ ಕೂತು ಬಿಸ್ಕತ್ ತಿನ್ಬೇಕಾಗಿತ್ತು. ಈಗ ನೋಡು, ಸಮುದ್ರ ನೋಡ್ದೆ." ಆಮೇಲೆ ನನ್ನ ಕೈ ಗಿಲ್ಲಿದಳು. "ಅವ್ರಿಗೆ ಯೋಳ್ಬ್ಯಾಡ ಕಣ್ಲಾ. ಪಾಪ."

ಒಂದು ಕಡೆಯವರ ಮಾತು ಸಿಕ್ಕರೆ ಇನ್ನೊಂದು ಕಡೆಯವರದನ್ನೂ ಕೇಳಬೇಕು, ಸುದ್ದಿಮನೆಯ ನಿಯಮ. ಜೊತೆಗೆ ನನಗೆ ಬೇರೊಂದು ಸಂಗತಿ ಕೊರೆಯುತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಹೋದೆ.

"ಭಾವ, ಒಂದು ಸೀಜನ್ ಪೂರ್ತಿ ಆ ಮನೇಲಿ ಉಂಡಿದ್ದೀನಿ ಅಂದ್ರಲ್ಲ. ಅತಿಥಿ ಕೈ ತೆಗೆದ್ರೆ ಸಾಕು, ಪಾಕಣ್ಣ ಏಳ್ತಾರೆ ಅಂತ ನಿಮ್ಗೆ ಗೊತ್ತಿರ್ಬೇಕಲ್ಲ?"

ಭಾವ ಪೆಟ್ಟಿಗೆಯ ಹಿಡಿಯನ್ನು ನೋಡಿದರು.

"ಗೊತ್ತಿಲ್ದೆ ಏನ್ಲಾ."

"ಮತ್ತೆ ಯಾಕೆ ಏಳ್ಲಿಲ್ಲ?"

ಬಸ್ಸು ಹಳ್ಳದ ಮೇಲೆ ಕುಲುಕಿತು. ಅವರು ಕಂಬಿ ಹಿಡಿದುಕೊಂಡರು. "ಮದ್ವೆ ಆದಾಗಿಂದ ಅವ್ಳು ಮನೆ ಪಂಕ್ತೀಲಿ ನನ್ ಪಕ್ಕ ಕೂತು ಉಂಡಿದ್ದು ಅವತ್ತೇ ಮೊದ್ಲು ಕಣ್ಲಾ. ಮನೇಲಿ ಯಾವಾಗ್ಲೂ ಸೌಟು ಹಿಡ್ಕೊಂಡು ನಿಂತಿರ್ತಾಳೆ. ನಾವೆಲ್ಲ ಎದ್ಮೇಲೆ ಅಡಿಗೆಮನೇಲಿ ಏನೋ ತಿಂತಾಳೆ. ಅವತ್ತು ಬೇರೆಯೋರು ಬಡಿಸ್ತಿದ್ರು, ಅವ್ಳು ಮೂಳೆ ಚೀಪ್ತಾ ಆರಾಮಾಗಿ ಕೂತಿದ್ಲು. ಎಬ್ಸೋಕೆ ಬಾಯಿ ಬರ್ಲಿಲ್ಲ." ಆಮೇಲೆ, "ವಿಮಾನ ಲೇಟಾಗ್ಬೌದು ಅಂತಾನೂ ಅಂದ್ಕೊಂಡೆ. ಮುಂಡೇದು, ಅವತ್ತೇ ಟೈಮಿಗೆ ಸರಿಯಾಗಿ ಓಗ್ಬೇಕಾ?" ಎಂದರು.

ಮುಂದಿನಿಂದ ಅಕ್ಕ ತಿರುಗಿ, "ಏನ್ರೀ ಅದು ಗುಸುಗುಸು?" ಎಂದು ಕೂಗಿದಳು.

"ಏನಿಲ್ಲ, ಊಟ ಚೆನ್ನಾಗಿತ್ತು ಅಂತಿದ್ದೆ," ಎಂದು ಕೂಗಿದರು ಭಾವ. ನನ್ನ ಕಿವಿಯ ಬಳಿ ಬಗ್ಗಿ, "ಅವ್ಳಿಗೆ ಯೋಳ್ಬ್ಯಾಡ. ಪೇಪರ್ಗೂ ಬರೀಬ್ಯಾಡ," ಎಂದರು.

ಇಬ್ಬರಿಗೂ ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡೂ ಇದ್ದೇನೆ. ಪತ್ರಿಕೆಗೆ ಒಂದು ಸಾಲೂ ಬರೆದಿಲ್ಲ. ಇದು ಪ್ರವಾಸ ಕಥನ. ನಮ್ಮ ಮನೆಯಲ್ಲಿ ಇದನ್ನೆಲ್ಲ ಯಾರೂ ಓದುವುದಿಲ್ಲ.